ಹೆಬ್ಬಾಳ ದಾಟುವುದು

ಯಲಹಂಕ ನ್ಯೂಟೌನ್‌ನಲ್ಲಿ ಮನೆ, ನಾಗವಾರದ ಹತ್ತಿರ ಆಫೀಸು. ಇಷ್ಟು ಹೇಳಿದರೆ ಸಾಕು, ಉತ್ತರ ಬೆಂಗಳೂರಿನವರಿಗೆ ನನ್ನ ದಿನಚರಿ ಪೂರ್ತಿ ಗೊತ್ತಾಗಿಬಿಡುತ್ತದೆ. ಅಲ್ಲಾಳಸಂದ್ರ, ಜಕ್ಕೂರು, ಜಿಕೆವಿಕೆ, ಬ್ಯಾಟರಾಯನಪುರ, ಕೊಡಿಗೇಹಳ್ಳಿ ಗೇಟ್, ಆಮೇಲೆ ಹೆಬ್ಬಾಳ. ಬೆಳಿಗ್ಗೆ ಹೆಬ್ಬಾಳ ದಾಟಿದರೆ ದಿನ ಶುರು, ಸಂಜೆ ವಾಪಸ್ ದಾಟಿದರೆ ದಿನ ಮುಗಿಯಿತು. ನಮ್ಮ ಕಡೆ ಯಾರಾದರೂ ತಡವಾಗಿ ಬಂದರೆ ‘ಯಾಕೆ ಲೇಟು’ ಅಂತ ಕೇಳುವುದಿಲ್ಲ. ‘ಹೆಬ್ಬಾಳಾನಾ?’ ಅಂತಾರೆ.

ಎರಡು ವರ್ಷದ ಹಿಂದೆ, ಜೂನ್ ತಿಂಗಳ ಒಂದು ಸಂಜೆ, ಅದೇ ಹೆಬ್ಬಾಳದ ಫ್ಲೈಓವರ್ ಮೇಲೆ ನಾನು ಸತ್ತೇಹೋಗ್ತಿದ್ದೀನಿ ಅಂದುಕೊಂಡೆ.

ಬೆಳಿಗ್ಗೆ ಆಫೀಸಿಗೆ ಹೋಗುವಾಗ ಫ್ಲೈಓವರ್ ಹತ್ತಬೇಕಿಲ್ಲ, ಕೆಳಗಿಂದಲೇ ಎಡಕ್ಕೆ ತಿರುಗಿ ರಿಂಗ್ ರೋಡ್ ಸೇರಿಬಿಡಬಹುದು. ಸಂಜೆ ಮಾತ್ರ ಮೇಲೆ ಹತ್ತಿ, ಸುತ್ತು ಹಾಕಿಯೇ ಬಳ್ಳಾರಿ ರಸ್ತೆಗೆ ಇಳಿಯಬೇಕು. ಮಳೆ ಬರ್ತಿತ್ತು. ಲೂಪಿನ ಮಧ್ಯದಲ್ಲಿ ಕ್ಯಾಬ್ ನಿಂತಿತು. ಮುಂದೆ ಸಾಲು ಸಾಲು ಕೆಂಪು ದೀಪ, ಹಿಂದೆ ಹೆಡ್‌ಲೈಟು, ಎರಡೂ ಪಕ್ಕ ಕಾಂಕ್ರೀಟ್ ಗೋಡೆ. ಇಳಿದು ನಡೆದುಕೊಂಡು ಹೋಗೋಕೂ ಆಗಲ್ಲ ಅನ್ನೋ ಯೋಚನೆ ಬಂತು ನೋಡಿ, ಅಷ್ಟೇ. ಎದೆ ಹೊಡೆದುಕೊಳ್ಳೋಕೆ ಶುರುವಾಯಿತು. ಉಸಿರು ಒಳಗೆ ಹೋಗ್ತಾನೇ ಇಲ್ಲ ಅನ್ನಿಸಿತು. ಬೆರಳುಗಳೆಲ್ಲ ಜೋಮು ಹಿಡಿದವು. ಕಿಟಕಿ ಇಳಿಸಿ ಮುಖಕ್ಕೆ ಮಳೆನೀರು ಬಡಿಸಿಕೊಂಡೆ. ಡ್ರೈವರ್ ಕನ್ನಡಿಯಲ್ಲಿ ನೋಡಿ, ‘ಮೇಡಂ, ಹಾರ್ಟಾ?’ ಅಂದರು. ಹೂಂ ಅಂದೆ. ಪುಣ್ಯಾತ್ಮ ಹಾರ್ನ್ ಮೇಲಿಂದ ಕೈ ತೆಗೆಯದೆ ಬಳ್ಳಾರಿ ರಸ್ತೆಗೆ ಇಳಿಸಿ, ಕಂಡ ಮೊದಲ ಆಸ್ಪತ್ರೆಯ ಎಮರ್ಜೆನ್ಸಿ ಬಾಗಿಲಿಗೇ ತಂದು ನಿಲ್ಲಿಸಿದರು.

ಇಸಿಜಿ ಮಾಡಿದರು, ರಕ್ತ ತೆಗೆದರು, ಆಕ್ಸಿಜನ್ ನೋಡಿದರು. ಎರಡು ಗಂಟೆ ಆದ ಮೇಲೆ ಡ್ಯೂಟಿ ಡಾಕ್ಟರ್ ಬಂದು, ‘ಎಲ್ಲಾ ನಾರ್ಮಲ್. ಏನೂ ಇಲ್ಲ. ಗ್ಯಾಸ್ ಇರಬೇಕು’ ಅಂದರು. ಅಷ್ಟು ಹೊತ್ತಿಗೆ ನಿಜವಾಗಿಯೂ ಏನೂ ಇರಲಿಲ್ಲ. ಬಿಲ್ ಕಟ್ಟಿ, ನಾಚಿಕೊಂಡು, ಆಟೋ ಹತ್ತಿ ಮನೆಗೆ ಬಂದೆ.

ಮೂರು ವಾರಕ್ಕೆ ಮತ್ತೆ ಆಯಿತು. ಅದೇ ಜಾಗ. ಬೇರೆ ಆಸ್ಪತ್ರೆ, ಎಕೋ, ಟ್ರೆಡ್‌ಮಿಲ್ ಟೆಸ್ಟ್, ಮತ್ತದೇ ‘ಏನೂ ಇಲ್ಲ’. ಈ ಮಾತಿನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಹೃದಯಕ್ಕೆ ಏನೂ ಆಗಿಲ್ಲ ಅನ್ನೋದು ಸಂತೋಷದ ವಿಷಯವೇ. ಆದರೆ ಆ ಫ್ಲೈಓವರ್ ಮೇಲೆ ನನಗೆ ಏನೋ ಆಗಿತ್ತು ತಾನೇ? ಕಾಲು ಉಳುಕಿ ಹೋದವರಿಗೆ ‘ಮೂಳೆ ಮುರಿದಿಲ್ಲ, ಏನೂ ಇಲ್ಲ, ನಡೀರಿ’ ಅಂತ ಯಾರೂ ಕಳಿಸಲ್ಲ. ಕಡೇಪಕ್ಷ ಒಂದು ಕ್ರೇಪ್ ಬ್ಯಾಂಡೇಜ್ ಸುತ್ತುತ್ತಾರೆ.

ನಾನು ಮಾಡಿದ್ದು ಏನಂದರೆ, ಹೆಬ್ಬಾಳವನ್ನೇ ಬಿಟ್ಟೆ. ಸಂಜೆ ತಣಿಸಂದ್ರ, ಕೋಗಿಲು ಮೇಲೆ ಸುತ್ತಿಕೊಂಡು ಬರೋಕೆ ಶುರು ಮಾಡಿದೆ. ಆಮೇಲೆ ತಣಿಸಂದ್ರದ ಜಾಮಿನಲ್ಲೂ ಎದೆ ಹೊಡೆದುಕೊಳ್ಳತೊಡಗಿತು. ವಾರಕ್ಕೆ ಮೂರು ದಿನ ಮನೆಯಿಂದಲೇ ಕೆಲಸ ಅಂತ ಒಪ್ಪಿಸಿದೆ, ಆಮೇಲೆ ನಾಲ್ಕು ದಿನ. ರಜೆ ಬೇಕಾದಾಗ ‘ವೈರಲ್ ಫೀವರ್’ ಅಂತ ಬರೆದೆ. ಒಂದೇ ವರ್ಷದಲ್ಲಿ ಐದು ಸಲ ವೈರಲ್ ಬಂದವಳು ನಾನೊಬ್ಬಳೇ ಇರಬೇಕು. ಆಗಸ್ಟ್ ಹೊತ್ತಿಗೆ ನನ್ನ ಬೆಂಗಳೂರು ಅಂದರೆ ಮನೆ, ತರಕಾರಿ ಅಂಗಡಿ ಮತ್ತು ಪುಟ್ಟೇನಹಳ್ಳಿ ಕೆರೆಯ ಬೇಲಿ, ಅಷ್ಟೇ. ಕೆರೆಯ ಹಕ್ಕಿಗಳು ಎಲ್ಲೆಲ್ಲಿಂದಲೋ ಹಾರಿ ಬರ್ತವೆ. ನಾನು ಹೆಬ್ಬಾಳದ ಆಚೆ ಹೋಗಲಾರೆ.

ಆ ತಿಂಗಳ ಒಂದು ರಾತ್ರಿ, ಎರಡು ಗಂಟೆಗೆ, ಟೆಲಿ ಮಾನಸ್‌ಗೆ ಫೋನ್ ಮಾಡಿದೆ. 14416. ಆ ನಂಬರ್ ಇನ್‌ಸ್ಟಾಗ್ರಾಮ್ ರೀಲಿನಲ್ಲಿ ಕಂಡಿದ್ದು, ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡಿದ್ದೆ. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನ, ಕೇಂದ್ರ ಸರ್ಕಾರ ಶುರು ಮಾಡಿದ ಸಹಾಯವಾಣಿ ಅದು. ದೇಶದ ಎಲ್ಲಾ ಕೇಂದ್ರಗಳಿಗೂ ನಮ್ಮ ನಿಮ್ಹಾನ್ಸೇ ಮುಖ್ಯ ಕೇಂದ್ರ. ದುಡ್ಡಿಲ್ಲ, ಇಪ್ಪತ್ನಾಲ್ಕು ಗಂಟೆ, ಕನ್ನಡದಲ್ಲೇ ಮಾತಾಡಬಹುದು. ಆ ಕಡೆ ಒಬ್ಬ ಹೆಣ್ಣುಮಗಳು, ನನ್ನದೇ ವಯಸ್ಸು ಇರಬೇಕು. ಪೂರ್ತಿ ಕೇಳಿಸಿಕೊಂಡು, ‘ನೀವು ಹೇಳ್ತಿರೋದು ಪ್ಯಾನಿಕ್ ಅಟ್ಯಾಕ್ ಥರ ಇದೆ, ಇದಕ್ಕೆ ಚಿಕಿತ್ಸೆ ಇದೆ, ಒಬ್ಬ ಮನೋವೈದ್ಯರನ್ನ ನೋಡಿ’ ಅಂದರು. ಇದಕ್ಕೊಂದು ಹೆಸರಿದೆ ಅನ್ನೋದು ಗೊತ್ತಾಗಿ ಆ ರಾತ್ರಿ ನಿದ್ದೆ ಬಂತು.

ಆಫೀಸಿನ ಒಬ್ಬಳು ಗೆಳತಿ ಗುಟ್ಟಾಗಿ ಒಂದು ಕ್ಲಿನಿಕ್ ಹೆಸರು ಕೊಟ್ಟಳು. ಎಲ್ಲಿ ಅಂದರೆ ಆರ್‌.ಟಿ. ನಗರ. ಹೆಬ್ಬಾಳದ ಆಚೆ! ಫ್ಲೈಓವರ್ ಭಯಕ್ಕೆ ಔಷಧಿ ತಗೊಳ್ಳೋಕೆ ಫ್ಲೈಓವರ್ ದಾಟಬೇಕು.

ದಾರಿ ತೋರಿಸಿದ್ದು ರೈಲು. ಯಲಹಂಕ ಸ್ಟೇಷನ್ನಿಂದ ಪ್ಯಾಸೆಂಜರ್ ಗಾಡಿ ಹತ್ತಿದರೆ ಕೊಡಿಗೇಹಳ್ಳಿ, ಲೊಟ್ಟೆಗೊಲ್ಲಹಳ್ಳಿ, ಆಮೇಲೆ ಯಶವಂತಪುರ. ಹೆಬ್ಬಾಳದ ಸುದ್ದಿಯೇ ಇಲ್ಲ. ಯಶವಂತಪುರದಲ್ಲಿ ಇಳಿದು ಆಟೋ ಹಿಡಿದರೆ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನ ಉದ್ದನೆಯ ಕಾಂಪೌಂಡ್, ಮರಗಳ ನೆರಳು, ಮೇಖ್ರಿ ಸರ್ಕಲ್. ಅಲ್ಲಿ ಪಕ್ಕದಲ್ಲೇ ಕೆಂಪೇಗೌಡರ ಕಾಲದ ಗೋಪುರ ಇದೆ. ನಾಲ್ಕು ದಿಕ್ಕಿನ ನಾಲ್ಕು ಗೋಪುರಗಳಲ್ಲಿ ಉತ್ತರದ್ದು. ಊರು ಇಲ್ಲಿಗೆ ಮುಗೀತು ಅಂತ ಒಂದು ಕಾಲದಲ್ಲಿ ಲೆಕ್ಕ. ನಾನು ಉತ್ತರದಿಂದ ಬಂದು ಅದರೊಳಗೆ ಕಾಲಿಡೋಕೆ ಇಷ್ಟು ಒದ್ದಾಡ್ತಿದ್ದೆ.

ಆರ್‌.ಟಿ. ನಗರದ ಪೂರ್ತಿ ಹೆಸರು ರವೀಂದ್ರನಾಥ ಟ್ಯಾಗೋರ್ ನಗರ. ಆ ಹೆಸರು ಹೇಳಿದರೆ ಆಟೋದವರೇ ತಬ್ಬಿಬ್ಬಾಗುತ್ತಾರೆ. ಬಿಡಿಎ ಕಾಂಪ್ಲೆಕ್ಸ್ ಹತ್ತಿರದ ಬೀದಿಗಳಲ್ಲಿ ಕ್ಲಿನಿಕ್ಕುಗಳಿಗೆ ಬರವಿಲ್ಲ. ಡೆಂಟಿಸ್ಟ್ ಬೋರ್ಡಿನಲ್ಲಿ ಒಂದಾಳೆತ್ತರದ ಹಲ್ಲು, ಅದಕ್ಕೆ ಲೈಟು. ಕಣ್ಣಿನ ಡಾಕ್ಟರದ್ದು ದೊಡ್ಡ ಕಣ್ಣು. ನನಗೆ ಬೇಕಾದ ಬೋರ್ಡು ಮಾತ್ರ ಮೆಟ್ಟಿಲ ಪಕ್ಕ, ಟೈಲರ್ ಅಂಗಡಿಯ ಬೋರ್ಡಿನ ಕೆಳಗೆ, ಒಂದು ಎಕ್ಸರ್‌ಸೈಜ್ ಪುಸ್ತಕದಷ್ಟು. ಮೊದಲ ದಿನ ಎರಡು ಸಲ ದಾಟಿಕೊಂಡು ಹೋದೆ.

ಮೇಲೆ ಕಾಯುವ ಜಾಗದಲ್ಲಿ ಏಳೆಂಟು ಜನ. ಎಲ್ಲರೂ ಮೊಬೈಲಿನಲ್ಲಿ ಮುಖ ಹುದುಗಿಸಿದ್ದರು. ಮೂರನೇ ಶನಿವಾರ ಅಲ್ಲಿ ನಮ್ಮ ಬೀದಿಯ, ನಮ್ಮ ಮನೆಯಿಂದ ಆರನೇ ಮನೆಯ ಅಂಕಲ್ ಸಿಕ್ಕಿಬಿಟ್ಟರು. ಇಬ್ಬರೂ ಒಟ್ಟಿಗೆ ತಲೆ ಎತ್ತಿದೆವು. ‘ನಾನು ಕೆಳಗೆ ಹಲ್ಲಿನ ಡಾಕ್ಟರ್ ಹತ್ರ ಬಂದಿದ್ದೆ, ಅಲ್ಲಿ ರಶ್ಶು’ ಅಂದರು. ‘ನಾನೂ ಹಲ್ಲಿಗೇ ಅಂಕಲ್’ ಅಂದೆ. ಆಮೇಲೆ ಇಬ್ಬರೂ ಅರ್ಧ ಗಂಟೆ ಪಕ್ಕಪಕ್ಕದಲ್ಲೇ ಕೂತಿದ್ದೆವು. ಅವರ ಹೆಸರು ಕರೆದಾಗ ಎದ್ದು, ನನ್ನ ಕಡೆ ನೋಡದೆ, ‘ಬರ್ತೀನಮ್ಮ’ ಅಂತ ಒಳಗೆ ಹೋದರು. ಈಗ ಬೀದಿಯಲ್ಲಿ ಸಿಕ್ಕಾಗಲೆಲ್ಲ ನಾವಿಬ್ಬರೂ ‘ಹಲ್ಲು ಹೇಗಿದೆ?’ ಅಂತ ಕೇಳಿಕೊಳ್ಳುತ್ತೇವೆ.

ಡಾಕ್ಟರ್ ಐವತ್ತು ದಾಟಿದ ಹೆಂಗಸು. ಮೊದಲು ಮಾಡಿಸಿದ್ದು ಥೈರಾಯ್ಡ್ ಟೆಸ್ಟು, ರಕ್ತಹೀನತೆ ಇದೆಯಾ ಅಂತ ಒಂದು ಟೆಸ್ಟು. ಥೈರಾಯ್ಡ್ ಏರುಪೇರಾದರೂ ಎದೆ ಹೀಗೇ ಹೊಡೆದುಕೊಳ್ಳುತ್ತಂತೆ. ಮನಸ್ಸಿನ ಡಾಕ್ಟರ್ ಮೈಯನ್ನೂ ಬಿಡದೆ ನೋಡಿದರು. ಮೈಯ ಡಾಕ್ಟರುಗಳು ಮನಸ್ಸಿನ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ ಅನ್ನೋದು ನನಗೆ ಹೊಳೆದಿದ್ದು ಆಗಲೇ.

‘ಏನೂ ಇಲ್ಲ ಅಂದ್ರಲ್ಲ ಡಾಕ್ಟ್ರೇ’ ಅಂದೆ. ಅವರು ನಕ್ಕರು. ‘ಮನೆ ಮುಂದೆ ನಾಯಿ ಕಟ್ಟಿದ್ದೀರ ಅಂದ್ಕೊಳ್ಳಿ. ರಾತ್ರಿ ಬೊಗಳುತ್ತೆ. ನೀವು ಎದ್ದು ನೋಡ್ತೀರ, ಕಳ್ಳ ಇಲ್ಲ. ಕಳ್ಳ ಇಲ್ಲ ಅಂದ ಮಾತ್ರಕ್ಕೆ ನಾಯಿ ಬೊಗಳಿದ್ದು ಸುಳ್ಳಾ? ನಿಮ್ಮ ನಾಯಿ ಒಳ್ಳೇದೇ, ಸ್ವಲ್ಪ ಜಾಸ್ತಿ ಚುರುಕು. ಅದಕ್ಕೆ ಯಾವುದು ಕಳ್ಳ, ಯಾವುದು ಅಲ್ಲ ಅಂತ ಕಲಿಸಬೇಕು.’

ಅಪಾಯ ಬಂತು ಅಂತ ಮೆದುಳು ಅಂದುಕೊಂಡಾಗ ಮೈಯಲ್ಲಿ ಅಡ್ರಿನಲಿನ್ ಏರುತ್ತದೆ, ಎದೆಬಡಿತ ಜೋರಾಗುತ್ತದೆ. ಹೆದರಿ ನಾವು ಜಾಸ್ತಿ ಜಾಸ್ತಿ ಉಸಿರೆಳೆದುಕೊಂಡರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಕಮ್ಮಿಯಾಗಿ ಬೆರಳು ಜೋಮು ಹಿಡಿಯುತ್ತದೆ, ತಲೆ ತಿರುಗುತ್ತದೆ. ಅದನ್ನು ನೋಡಿ ಇನ್ನಷ್ಟು ಹೆದರುತ್ತೇವೆ. ಸಾಮಾನ್ಯವಾಗಿ ಹತ್ತು ನಿಮಿಷದ ಒಳಗೆ ಅದು ಶಿಖರ ಮುಟ್ಟಿ ತಾನಾಗೇ ಇಳಿಯುತ್ತದೆ. ಆದರೆ ನಾವು ಆ ಜಾಗದಿಂದ ಓಡಿಹೋದರೆ, ಓಡಿದ್ದರಿಂದಲೇ ಬದುಕಿದೆ ಅಂತ ಮೆದುಳು ಬರೆದಿಟ್ಟುಕೊಳ್ಳುತ್ತದೆ. ನಾನು ಹೆಬ್ಬಾಳ ಬಿಟ್ಟು ತಣಿಸಂದ್ರ ಸುತ್ತಿದ್ದೇ ನನ್ನ ಕಾಯಿಲೆಗೆ ಗೊಬ್ಬರ ಆಗಿತ್ತು.

ದಿನಕ್ಕೊಂದು ಮಾತ್ರೆ ಕೊಟ್ಟರು. ಕೆಲಸ ಮಾಡೋಕೆ ಎರಡು ಮೂರು ವಾರ, ಕೆಲವರಿಗೆ ಇನ್ನೂ ಜಾಸ್ತಿ ಬೇಕು, ಮೊದಲ ವಾರ ಹೊಟ್ಟೆ ತೊಳಸಬಹುದು, ಚೆನ್ನಾಗಾಯ್ತು ಅಂತ ನೀವೇ ನಿಲ್ಲಿಸಬೇಡಿ ಅಂತ ಮೊದಲೇ ಹೇಳಿದರು. ಹಾಗೇ ಆಯಿತು. ಜತೆಗೆ ಅದೇ ಕ್ಲಿನಿಕ್ಕಿನ ಸೈಕಾಲಜಿಸ್ಟ್ ಹತ್ತಿರ ಶನಿವಾರ ಶನಿವಾರ ಮುಕ್ಕಾಲು ಗಂಟೆ. ಆ ಹುಡುಗ ನನಗಿಂತ ಚಿಕ್ಕವನು. ನಾನು ಸೋಫಾ ಮೇಲೆ ಮಲಗಿಸಿ ಬಾಲ್ಯದ ಕತೆ ಕೇಳ್ತಾರೆ ಅಂದುಕೊಂಡಿದ್ದೆ. ಅವನು ಒಂದು ಹಾಳೆ ಕೊಟ್ಟು ಹೋಮ್‌ವರ್ಕ್ ಬರೆಸಿದ.

ಈ ಮಧ್ಯೆ ಅಕ್ಟೋಬರಿನಲ್ಲಿ ಅಮ್ಮನ ಮಂಡಿ ಆಪರೇಷನ್. ಅಮ್ಮ ಇರೋದು ದೊಡ್ಡಬಳ್ಳಾಪುರದಲ್ಲಿ, ಅಣ್ಣನ ಜತೆ. ನಮ್ಮದು ಮಗ್ಗದ ಮನೆ. ಮಗ್ಗದ ಮುಂದೆ ನಿಂತು ನಿಂತು ಅಮ್ಮನ ಬಲಗಾಲಿನ ಮಂಡಿ ಸವೆದುಹೋಗಿತ್ತು. ಆಸ್ಪತ್ರೆ ಬಳ್ಳಾರಿ ರಸ್ತೆಯಲ್ಲೇ, ಪುಣ್ಯಕ್ಕೆ ಹೆಬ್ಬಾಳದ ಈಚೆಗೆ. ಆಪರೇಷನ್ ಆದ ಮೇಲೆ ಎರಡು ತಿಂಗಳು ನಮ್ಮ ಮನೆಯಲ್ಲೇ ಇರೋದು ಅಂತ ತೀರ್ಮಾನ.

ಅಬ್ಬಾ, ಆ ಮಂಡಿಗೆ ಸಿಕ್ಕ ಮರ್ಯಾದೆ! ಆಪರೇಷನ್ನಿಗೆ ಮುಂಚೆ ನೆಂಟರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎಕ್ಸ್‌ರೇ ಹಂಚಿದ್ದಾಯಿತು. ಇನ್ಶೂರೆನ್ಸ್ ಕ್ಯಾಶ್‌ಲೆಸ್ ಒಪ್ಪಿಗೆ ಅರ್ಧ ದಿನದಲ್ಲಿ ಬಂತು. ಸೇಬು, ಎಳನೀರು, ಹಾರ್ಲಿಕ್ಸ್ ಡಬ್ಬಗಳು ಅಡುಗೆಮನೆಯಲ್ಲಿ ಸಾಲುಗಟ್ಟಿದವು. ನನ್ನ ಮ್ಯಾನೇಜರ್ ತಾವಾಗಿಯೇ ‘ಅಮ್ಮನ್ನ ನೋಡ್ಕೊಳ್ಳಿ, ಕೆಲಸ ಇದ್ದೇ ಇರುತ್ತೆ’ ಅಂದರು. ಆಪರೇಷನ್ ಮಾಡಿದ ಮಾರನೇ ದಿನವೇ ಫಿಸಿಯೋ ಹುಡುಗಿ ಬಂದು ಅಮ್ಮನನ್ನು ವಾಕರ್ ಹಿಡಿಸಿ ನಿಲ್ಲಿಸಿದಳು. ನಾಲ್ಕು ಹೆಜ್ಜೆ ನಡೆದದ್ದಕ್ಕೆ ಅಣ್ಣ, ಅತ್ತಿಗೆ, ಪಕ್ಕದ ಬೆಡ್ಡಿನವರು, ಎಲ್ಲಾ ಚಪ್ಪಾಳೆ ಹೊಡೆದರು. ‘ನೋವು ಹತ್ತಕ್ಕೆ ಎಷ್ಟು ಅಜ್ಜೀ?’ ಅಂತ ಕೇಳಿದಳು ಆ ಹುಡುಗಿ. ‘ಎಂಟು ಕಣಮ್ಮ’ ಅಂದರು ಅಮ್ಮ. ‘ಎಂಟು ಇದ್ರೂ ನಡೆದ್ರಲ್ಲ, ಸೂಪರ್!’

ಹಿಂದಿನ ಶನಿವಾರವೇ ಸೈಕಾಲಜಿಸ್ಟ್ ನನ್ನನ್ನ ಕೇಳಿದ್ದ, ‘ಭಯ ಹತ್ತಕ್ಕೆ ಎಷ್ಟು?’ ಅಂತ. ನಾನೂ ಎಂಟು ಅಂದಿದ್ದೆ. ಅಲ್ಲಿ ಚಪ್ಪಾಳೆ ಹೊಡೆಯೋಕೆ ಅವನೊಬ್ಬನೇ ಇದ್ದ.

ನನ್ನ ಹೋಮ್‌ವರ್ಕ್ ಪಟ್ಟಿ ಹೀಗಿತ್ತು. ಬಸ್ಸಿನಲ್ಲಿ ಕೊಡಿಗೇಹಳ್ಳಿ ಗೇಟ್‌ವರೆಗೆ ಹೋಗಿ ವಾಪಸ್. ಆಮೇಲೆ ಹೆಬ್ಬಾಳ ಸ್ಟಾಪಿನಲ್ಲಿ ಇಳಿದು ಫ್ಲೈಓವರ್ ಕೆಳಗೆ ಹತ್ತು ನಿಮಿಷ ನಿಲ್ಲೋದು. ಆಮೇಲೆ ಯಾರಾದರೂ ಜತೆಗಿದ್ದಾಗ ಬಸ್ಸಿನಲ್ಲಿ ಫ್ಲೈಓವರ್ ದಾಟಿ ವೆಟರ್ನರಿ ಕಾಲೇಜ್ ಸ್ಟಾಪ್. ಆಮೇಲೆ ಅದೇ, ಒಬ್ಬಳೇ. ಕೊನೆಗೆ ಸಂಜೆ ಆರೂವರೆಗೆ ನಾಗವಾರದಿಂದ ಆ ಲೂಪ್, ಒಬ್ಬಳೇ. ಪ್ರತಿ ಹಂತದಲ್ಲೂ ಭಯ ಬಂದರೆ ಓಡಬಾರದು, ಅದು ಇಳಿಯೋವರೆಗೂ ಅಲ್ಲೇ ಇರಬೇಕು. ಒಂದು ಹಂತ ಎರಡು ಮೂರಕ್ಕೆ ಇಳಿದ ಮೇಲೆ ಮುಂದಿನದು.

2023ರ ಜೂನ್‌ನಿಂದ ಶಕ್ತಿ ಯೋಜನೆ ಇರುವುದರಿಂದ ನನ್ನ ಚಿಕಿತ್ಸೆಯ ಈ ಭಾಗಕ್ಕೆ ಒಂದು ಪೈಸೆ ಖರ್ಚಾಗಲಿಲ್ಲ. ಆಧಾರ್ ತೋರಿಸಿ, ಶೂನ್ಯ ಟಿಕೆಟ್ ತಗೊಂಡು, ನಾಲ್ಕು ಸ್ಟಾಪ್ ಹೋಗಿ ಇಳಿದು, ಎದುರುಗಡೆ ಬಸ್ ಹಿಡಿದು ವಾಪಸ್. ಒಂದು ದಿನ ಅದೇ ಕಂಡಕ್ಟರ್ ಎರಡೂ ಕಡೆ ಸಿಕ್ಕಿ, ‘ಏನಮ್ಮ, ಫ್ರೀ ಅಂತ ಸುಮ್ನೆ ಓಡಾಡ್ತಿದೀಯ?’ ಅಂದರು. ಹೌದು ಸಾರ್ ಅಂದೆ. ಏನಂತ ಹೇಳೋದು!

ಹಾಗೆ ಓಡಾಡುವಾಗಲೇ ಈ ರಸ್ತೆಯ ಹೆಸರಿನ ಬಗ್ಗೆ ಯೋಚನೆ ಬಂದಿದ್ದು. ಬಳ್ಳಾರಿ ರಸ್ತೆ ಅಂದರೆ ನಮಗೆ ಏರ್‌ಪೋರ್ಟ್ ರಸ್ತೆ. ಆದರೆ ಮನೋವೈದ್ಯಕೀಯದ ಪುಸ್ತಕಗಳಲ್ಲಿ ಬಳ್ಳಾರಿ ಅನ್ನೋ ಹೆಸರಿಗೆ ಬೇರೆಯೇ ತೂಕ ಇದೆ. 1982ರಲ್ಲಿ ದೇಶಕ್ಕೆ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಅದು ಜಿಲ್ಲೆಯಲ್ಲಿ ನಡೆಯುತ್ತಾ ಅಂತ ನೋಡೋಕೆ ಎಂಬತ್ತರ ದಶಕದ ಮಧ್ಯದಲ್ಲಿ ನಿಮ್ಹಾನ್ಸಿನವರು ಆರಿಸಿಕೊಂಡಿದ್ದು ಬಳ್ಳಾರಿ ಜಿಲ್ಲೆಯನ್ನ. ಜ್ವರಕ್ಕೆ, ಭೇದಿಗೆ ಔಷಧಿ ಕೊಡೋ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೇ, ಅಲ್ಲಿನ ಆರೋಗ್ಯ ಕಾರ್ಯಕರ್ತರಿಗೇ ತರಬೇತಿ ಕೊಟ್ಟು, ಮಾನಸಿಕ ಕಾಯಿಲೆಯ ಮಾತ್ರೆಗಳನ್ನ ಅಲ್ಲೇ ಸಿಗೋ ಹಾಗೆ ಮಾಡಿದರು. ಅದೇ ‘ಬಳ್ಳಾರಿ ಮಾದರಿ’. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಅಡಿಪಾಯ. ಈಗ ನಮ್ಮ ರಾಜ್ಯದಲ್ಲಿ ‘ಮನೋಚೈತನ್ಯ’ ಅಂತ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮಂಗಳವಾರ ಮನೋವೈದ್ಯರು ಬರೋ ಏರ್ಪಾಡೂ ಇದೆ. ಸಕ್ಕರೆ ಕಾಯಿಲೆಯವರು ಕೂತ ಬೆಂಚಿನಲ್ಲೇ ಖಿನ್ನತೆಯವರೂ ಕೂರಬಹುದು, ಬೇರೆ ಬಾಗಿಲು ಬೇಕಿಲ್ಲ ಅನ್ನೋದನ್ನ ನಮ್ಮ ಬಳ್ಳಾರಿ ಸುಮಾರು ನಲವತ್ತು ವರ್ಷದ ಹಿಂದೆಯೇ ತೋರಿಸಿತ್ತು. ನಾನು ಮಾತ್ರ ಅದೇ ಹೆಸರಿನ ರಸ್ತೆಯಲ್ಲಿ ಹಲ್ಲುನೋವು ಅಂತ ಸುಳ್ಳು ಹೇಳಿಕೊಂಡು ಓಡಾಡ್ತಿದ್ದೆ.

ಸಿಕ್ಕಿಬಿದ್ದಿದ್ದು ನವೆಂಬರಿನಲ್ಲಿ. ಅಮ್ಮ ಮಂಡಿ ಮಡಿಸೋ ವ್ಯಾಯಾಮದ ಹಾಳೆ ಹುಡುಕುತ್ತಾ ನನ್ನ ಹಾಳೆ ಕೈಗೆತ್ತಿಕೊಂಡಿದ್ದರು.

‘ಏನೇ ಇದು, ಬಸ್‌ಸ್ಟಾಪ್ ಲಿಸ್ಟು? ಪಕ್ಕದಲ್ಲಿ ಎಂಟು, ಏಳು, ಏಳು ಅಂತ ಮಾರ್ಕ್ಸ್ ಬೇರೆ?’

ಸುಳ್ಳು ಹೇಳೋಕೆ ಬಾಯಿ ತೆರೆದೆ, ಬರಲಿಲ್ಲ. ಎಲ್ಲಾ ಹೇಳಿದೆ. ಎಮರ್ಜೆನ್ಸಿ, ವೈರಲ್ ಫೀವರ್, ಶನಿವಾರದ ‘ಆಫೀಸು’, ಬಟ್ಟೆ ಬೀರುವಿನ ಒಳಗೆ ಸಾಕ್ಸ್‌ನಲ್ಲಿ ಬಚ್ಚಿಟ್ಟ ಮಾತ್ರೆ. ಅಮ್ಮನ ಬಿಪಿ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಎಲ್ಲಾ ಊಟದ ಮೇಜಿನ ಮೇಲೆ ಉಪ್ಪಿನಕಾಯಿ ಜಾಡಿಯ ಪಕ್ಕ ರಾಜಾರೋಷವಾಗಿ ಇದ್ದವು.

ಅಮ್ಮ ಮೊದಲು ಹೇಳಿದ್ದು, ‘ಇದನ್ನ ಅಣ್ಣಂಗೆ ಹೇಳ್ಬೇಡ. ಅತ್ತಿಗೆ ಕಡೆಯೋರಿಗೆ ಗೊತ್ತಾದ್ರೆ ಊರೆಲ್ಲ ಆಗುತ್ತೆ. ನಾಳೆ ನಿನಗೊಂದು ಸಂಬಂಧ ನೋಡ್ಬೇಕಾದ್ರೆ...’ ನನಗೆ ಬೇಜಾರಾಯಿತು, ಎದ್ದು ಒಳಗೆ ಹೋದೆ. ಅವರ ಮೇಲೆ ತಪ್ಪು ಹೊರಿಸೋಕೂ ಮನಸ್ಸಿಲ್ಲ. ಬೀರುವಿನಲ್ಲಿ ಬಚ್ಚಿಟ್ಟವಳು ನಾ ತಾನೆ.

ರಾತ್ರಿ ಲೈಟ್ ಆರಿಸಿದ ಮೇಲೆ ಕತ್ತಲಲ್ಲಿ ಅಮ್ಮನ ಧ್ವನಿ ಬಂತು. ‘ಅಂದ್ರೆ ಇದಕ್ಕೂ ಫಿಸಿಯೋ ಇರುತ್ತಾ?’

‘ಹೂಂ. ಅದೇ ಥರ.’

‘ನೋವಾಗುತ್ತಾ?’

‘ಆಗುತ್ತೆ. ಆಮೇಲೆ ಕಮ್ಮಿ ಆಗುತ್ತೆ.’

ತುಂಬ ಹೊತ್ತಾದ ಮೇಲೆ, ‘ನಿನ್ನ ಮಾಮನ್ನ ಕೇಳು’ ಅಂದು ಮಗ್ಗುಲಾದರು.

ಮಾಮ ಅಂದರೆ ಅಮ್ಮನ ಅಣ್ಣ, ನನ್ನ ಸೋದರಮಾವ. ಯಶವಂತಪುರದ ಎಪಿಎಂಸಿ ಯಾರ್ಡಿನಲ್ಲಿ ಈರುಳ್ಳಿ, ಆಲೂಗೆಡ್ಡೆ ಮಂಡಿಯೊಂದರಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವರು. ಈಗಲೂ ಯಾರ್ಡಿನಿಂದ ಹತ್ತು ನಿಮಿಷ ದೂರದಲ್ಲೇ ಮನೆ. ರೈಲಿನ ದಾರಿ ಹಿಡಿದ ಮೇಲೆ ಕ್ಲಿನಿಕ್ ಮುಗಿಸಿ ಅವರ ಮನೆಗೆ ಹೋಗಿ ಊಟ ಮಾಡಿ ಬರೋದು ಅಭ್ಯಾಸ ಆಗಿತ್ತು. ಪ್ರತಿ ಶನಿವಾರ ಯಾಕೆ ಬರ್ತೀಯ ಅಂತ ಅವರು ಒಂದು ದಿನವೂ ಕೇಳಿರಲಿಲ್ಲ.

ಮಾಮನ ಬಗ್ಗೆ ನಮ್ಮ ಮನೆಯಲ್ಲಿ ಒಂದು ಕತೆ ಇದೆ. ನಾನು ಕೂಸಾಗಿದ್ದಾಗ ಅವರು ಇದ್ದಕ್ಕಿದ್ದ ಹಾಗೆ ಕಾಶಿಗೆ ಹೋಗಿದ್ದರಂತೆ, ಒಂದೂವರೆ ತಿಂಗಳು. ಚಿಕ್ಕವಳಿದ್ದಾಗ ‘ಕಾಶಿಯಿಂದ ಏನು ತಂದ್ರಿ ಮಾಮ’ ಅಂತ ಕೇಳಿದರೆ ದೊಡ್ಡವರೆಲ್ಲ ಮಾತು ಬದಲಾಯಿಸುತ್ತಿದ್ದರು. ಯಾವ ಮನೆಯಲ್ಲಿ ಕಾಶಿಗೆ ಹೋಗಿ ಬಂದು ಗಂಗೆಯ ತಂಬಿಗೆ ಇಲ್ಲ ಹೇಳಿ?

ಆ ಶನಿವಾರ ಊಟ ಆದ ಮೇಲೆ ನನ್ನ ಕತೆ ಹೇಳಿ, ಅಮ್ಮ ನಿಮ್ಮನ್ನ ಕೇಳು ಅಂದರು ಅಂದೆ. ಮಾಮ ಎದ್ದು ಬೀರು ತೆಗೆದು, ಅತ್ತೆಯ ರೇಷ್ಮೆ ಸೀರೆಗಳ ಕೆಳಗಿಂದ ಒಂದು ದಪ್ಪನೆಯ ಫೈಲು ತಂದು ನನ್ನ ಮುಂದೆ ಇಟ್ಟರು.

‘ಕಾಶಿಗೆ ಹೋಗಿರಲಿಲ್ಲ ಪುಟ್ಟಿ. ಹೊಸೂರು ರೋಡಿಗೆ ಹೋಗಿದ್ದೆ.’

1996. ವಾರಗಟ್ಟಲೆ ನಿದ್ದೆ ಇಲ್ಲ, ಆದರೂ ಸುಸ್ತಿಲ್ಲ. ತಾನು ಯಶವಂತಪುರದ ಅತಿ ದೊಡ್ಡ ವ್ಯಾಪಾರಿ ಆಗ್ತೀನಿ ಅನ್ನೋ ನಂಬಿಕೆ. ಒಂದೇ ವಾರದಲ್ಲಿ ಎರಡು ಲಾರಿ ಈರುಳ್ಳಿ ಸಾಲದ ಮೇಲೆ ತಮ್ಮ ಹೆಸರಿಗೇ ಕೊಂಡುಬಿಟ್ಟರು. ಈರುಳ್ಳಿ ಕೊಳೆಯಿತು. ಆಮೇಲೆ ಹಾಸಿಗೆ ಬಿಟ್ಟು ಏಳದ ದಿನಗಳು. ಮನೆಯವರು ತಾಯಿತ ಕಟ್ಟಿಸಿದರು, ಹರಕೆ ಹೊತ್ತರು. ಕೊನೆಗೆ ನಿಮ್ಹಾನ್ಸಿಗೆ ಕರೆದುಕೊಂಡು ಹೋದದ್ದು ಮನೆಯವರಲ್ಲ, ಮಂಡಿ ಸಾಹುಕಾರರು. ‘ಲೆಕ್ಕ ಬರೆಯೋನ ತಲೆ ಕೆಟ್ಟರೆ ನನಗೆ ತಾನೆ ನಷ್ಟ’ ಅಂತ ಬೈಯುತ್ತಲೇ ಕಾರಿಗೆ ಹತ್ತಿಸಿದರಂತೆ. ಆರು ವಾರ ಅಲ್ಲಿದ್ದರು. ಅಂದಿನಿಂದ ಲಿಥಿಯಂ ಮಾತ್ರೆ. ಆಗಾಗ ರಕ್ತದಲ್ಲಿ ಅದರ ಪ್ರಮಾಣ, ಕಿಡ್ನಿ, ಥೈರಾಯ್ಡ್ ನೋಡಿಸಬೇಕು. ಫೈಲಿನ ತುಂಬ ಆ ಚೀಟಿಗಳು, ಮಂಡಿ ಲೆಕ್ಕದ ಅದೇ ಮುದ್ದಾದ ಅಕ್ಷರದಲ್ಲಿ ತಾರೀಖು ಹಾಕಿ ಜೋಡಿಸಿದ್ದು. ಒಂದೂ ತಪ್ಪಿಲ್ಲ. ಆ ಮಾತ್ರೆ ನುಂಗಿಕೊಂಡೇ ಅವರು ಲೆಕ್ಕ ಬರೆದರು, ಇಬ್ಬರು ಮಕ್ಕಳನ್ನ ಓದಿಸಿದರು, ನನ್ನ ಅಣ್ಣನ ಮದುವೆ ಓಡಾಡಿ ಮಾಡಿದರು. ಮಕ್ಕಳಿಗೆ ಇವತ್ತಿಗೂ ಅದು ಬಿಪಿ ಮಾತ್ರೆ.

‘ಯಾಕೆ ಮಾಮ, ಹೇಳಬಹುದಿತ್ತಲ್ಲ?’

‘ಯಾರ್ಡಿನಲ್ಲಿ ಯಾರಾದ್ರೂ ತೂಕದಲ್ಲಿ ತಪ್ಪಿದ್ರೆ ಏನಂತ ಬೈತಾರೆ ಗೊತ್ತಾ? ನಿಮ್ಹಾನ್ಸ್ ಕೇಸು ಅಂತ. ದಿನಾ ಕೇಳಿಸ್ಕೊಂಡು ಕೂತಿದ್ದೋನು ನಾನು. ಹೇಗೆ ಹೇಳ್ಲಿ?’

ಈ ಬೈಗುಳ ನಾನೂ ಬಳಸಿದ್ದೇನೆ. ಕಾಲೇಜಿನಲ್ಲಿ, ಆಫೀಸಿನಲ್ಲಿ, ನಗುನಗುತ್ತಾ. ನೀವೂ ಬಳಸಿರಬಹುದು. ಹೃದಯಕ್ಕೆ ಜಯದೇವ ಇದೆ, ಕ್ಯಾನ್ಸರಿಗೆ ನಿಮ್ಹಾನ್ಸ್ ಪಕ್ಕದಲ್ಲೇ ಕಿದ್ವಾಯಿ ಇದೆ. ‘ಜಯದೇವ ಕೇಸು’ ಅಂತ ಯಾರಾದರೂ ಬೈದದ್ದು ಕೇಳಿದ್ದೀರಾ? 1847ರಲ್ಲಿ ಹುಚ್ಚಾಸ್ಪತ್ರೆ ಅನ್ನೋ ಹೆಸರಿನಲ್ಲೇ ಶುರುವಾದ ಸಂಸ್ಥೆ ಅದು. 1925ರಲ್ಲಿ ಮೈಸೂರು ಸರ್ಕಾರ ಆ ಹೆಸರನ್ನ ತೆಗೆದು ಮಾನಸಿಕ ಆಸ್ಪತ್ರೆ ಅಂತ ಮಾಡಿತು. 1974ರಲ್ಲಿ ನಿಮ್ಹಾನ್ಸ್ ಆಯಿತು. ಸರ್ಕಾರ ಹೆಸರು ಬದಲಾಯಿಸಿ ನೂರು ವರ್ಷ ಆಯಿತು, ನಮ್ಮ ನಾಲಿಗೆ ಇನ್ನೂ ಹಳೇ ಬೋರ್ಡನ್ನೇ ಓದುತ್ತಿದೆ. ಹಾಗಂತ ಕನ್ನಡದಲ್ಲಿ ಹೇಳೋರು ಇರಲಿಲ್ಲ ಅಂತಲ್ಲ. ಅದೇ ನಿಮ್ಹಾನ್ಸಿನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ದಶಕಗಳಿಂದ ಪತ್ರಿಕೆಗಳಲ್ಲಿ, ಪುಸ್ತಕಗಳಲ್ಲಿ ಸರಳ ಕನ್ನಡದಲ್ಲಿ ಇದನ್ನೇ ಬರೆಯುತ್ತಾ ಬಂದಿದ್ದಾರೆ. 2024ರಲ್ಲಿ ಪದ್ಮಶ್ರೀ ಕೂಡ ಬಂತು. ಮಾಮನ ಫೈಲಿನಲ್ಲಿ ಅವರ ಅಂಕಣದ ಕತ್ತರಿಸಿಟ್ಟ ಹಾಳೆಗಳೂ ಇದ್ದವು, ಹಳದಿ ತಿರುಗಿದ್ದವು.

ನಿಮ್ಹಾನ್ಸ್ 2015-16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ 10.6ರಷ್ಟು ಜನರಿಗೆ ಆ ಹೊತ್ತಿನಲ್ಲಿ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಚಿಕಿತ್ಸೆ ಸಿಗದೇ ಉಳಿದವರ ಪ್ರಮಾಣ ಕಾಯಿಲೆಗೆ ತಕ್ಕಂತೆ ಶೇ 70ರಿಂದ 92. ನಮ್ಮ ಬಸ್ಸಿನಲ್ಲಿ ಐವತ್ತು ಜನ ಇದ್ದರೆ ಐದು ಜನ. ಹಲ್ಲುನೋವು ಅಂತ ಹೇಳಿಕೊಂಡು ಓಡಾಡೋರು ನಾನು ಮತ್ತು ಆರನೇ ಮನೆ ಅಂಕಲ್ ಇಬ್ಬರೇ ಇರಲಾರೆವು.

ಡಿಸೆಂಬರಿನಲ್ಲಿ ಧೈರ್ಯ ಮಾಡಿ ಮ್ಯಾನೇಜರಿಗೆ ಹೇಳಿದೆ. ಅವರು ಒಂದು ನಿಮಿಷ ಸುಮ್ಮನಿದ್ದು, ‘ಫೀವರ್ ಅಂತ ಯಾಕೆ ಹಾಕ್ತಿದ್ರಿ ಅಂತ ನಾನೂ ಯೋಚಿಸ್ತಿದ್ದೆ’ ಅಂದರು. ಇನ್ಶೂರೆನ್ಸ್ ಬಗ್ಗೆಯೂ ವಿಚಾರಿಸಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಜಾರಿಗೆ ಬಂದದ್ದು 2018ರ ಮೇ ತಿಂಗಳಲ್ಲಿ, ಅದರ 21ನೇ ಕಲಮಿನಲ್ಲಿ ಸ್ಪಷ್ಟವಾಗಿದೆ: ದೈಹಿಕ ಕಾಯಿಲೆಗೆ ಯಾವ ಆಧಾರದ ಮೇಲೆ ವಿಮೆ ಕೊಡುತ್ತೀರೋ ಅದೇ ಆಧಾರದ ಮೇಲೆ ಮಾನಸಿಕ ಕಾಯಿಲೆಗೂ ಕೊಡಬೇಕು. ಆಸ್ಪತ್ರೆಗೆ ಸೇರಿದರೆ ಕೊಡ್ತೀವಿ ಅಂದರು. ಆದರೆ ನನ್ನ ಕಾಯಿಲೆಗೆ ಯಾರೂ ಆಸ್ಪತ್ರೆಗೆ ಸೇರಿಸಲ್ಲ, ಅದು ವಾರ ವಾರ ಹೋಗಿ ಬರೋ ಚಿಕಿತ್ಸೆ. ಹೊರರೋಗಿ ಖರ್ಚು ನಮ್ಮ ಪಾಲಿಸಿಯಲ್ಲಿ ಇಲ್ಲ. ಅಮ್ಮನ ಮಂಡಿಗೆ ಮನೆಗೇ ಬರುತ್ತಿದ್ದ ಫಿಸಿಯೋ ಹುಡುಗಿಯ ಫೀಸು ಮಾತ್ರ, ಆಪರೇಷನ್ ನಂತರದ ಖರ್ಚು ಅಂತ ಬಂತು. ನಿಮ್ಮ ಆಫೀಸಿನ ಪಾಲಿಸಿಯಲ್ಲಿ ಏನಿದೆ ಅಂತ ಆರಾಮಾಗಿರುವಾಗಲೇ ಒಂದು ಸಲ ಓದಿ ನೋಡಿ.

ಹೋಮ್‌ವರ್ಕಿನಲ್ಲಿ ಎರಡು ಹಂತ ಮುಗಿದಿದ್ದವು. ಫ್ಲೈಓವರ್ ಕೆಳಗೆ ಹತ್ತು ನಿಮಿಷ ನಿಲ್ಲೋದು ಅಭ್ಯಾಸವಾಗಿ, ಅಲ್ಲಿ ಸೌತೆಕಾಯಿ ಮಾರೋ ಅಜ್ಜಿಯ ಪರಿಚಯವೂ ಆಗಿತ್ತು. ಮೂರನೆಯದು, ಜತೆಗೊಬ್ಬರು ಬೇಕಿದ್ದದ್ದು, ಹಾಗೇ ಉಳಿದಿತ್ತು.

ಸಂಕ್ರಾಂತಿ ಬಂತು. ಎಳ್ಳು ಬೀರೋಕೆ ಮಾಮನ ಮನೆಗೆ ಹೋಗಬೇಕು ಅಂದರು ಅಮ್ಮ. ಮಂಡಿ ಆಪರೇಷನ್ ಆದ ಮೇಲೆ ಮೊದಲ ದೂರದ ಓಡಾಟ. ಕ್ಯಾಬ್ ಬುಕ್ ಮಾಡ್ತೀನಿ, ತಣಿಸಂದ್ರದ ಮೇಲೆ ಹೋಗೋಣ ಅಂದೆ. ರೈಲಿಗೆ ಹೋಗೋಣ ಅಂದೆ.

‘ರೈಲು ಬೇಡ. ಬಸ್ಸಿಗೆ ಹೋಗೋಣ. ಡಾಕ್ಟರ್ ನನಗೆ ಬಸ್ ಮೆಟ್ಟಿಲು ಹತ್ತಿ ಪ್ರಾಕ್ಟೀಸ್ ಮಾಡಿ ಅಂದಿದಾರೆ’ ಅಂದರು ಅಮ್ಮ. ಅವರಿಗೆ ಯಾವ ಡಾಕ್ಟರೂ ಹಾಗಂದಿರಲಿಲ್ಲ. ನಾನೇ ಪ್ರತಿ ಸಲ ಜತೆಗೆ ಹೋಗಿದ್ದವಳು.

ಎಳ್ಳುಬೆಲ್ಲದ ಡಬ್ಬ, ಬಾಳೆಹಣ್ಣು, ಎರಡು ತುಂಡು ಕಬ್ಬು, ಒಂದು ಚೀಲ ಅವರೆಕಾಯಿ. ನ್ಯೂಟೌನ್ ಸ್ಟಾಪಿನಲ್ಲಿ ಅಮ್ಮ ಕಂಬಿ ಹಿಡಿದು, ಮೊದಲು ಒಳ್ಳೇ ಕಾಲು, ಆಮೇಲೆ ಆಪರೇಷನ್ ಕಾಲು ಅಂತ ಬಾಯಲ್ಲಿ ಹೇಳಿಕೊಳ್ಳುತ್ತಾ ಹತ್ತಿದರು. ಎರಡು ಶೂನ್ಯ ಟಿಕೆಟ್. ಜಕ್ಕೂರು, ಜಿಕೆವಿಕೆ ಬರೋವರೆಗೂ ಅವರೆಕಾಯಿ ರೇಟಿನ ಮಾತಾಯಿತು. ಕೊಡಿಗೇಹಳ್ಳಿ ಗೇಟಿನ ಹತ್ತಿರ ನನ್ನ ಮಾತು ನಿಂತಿತು. ಬಸ್ಸು ಏರು ಹತ್ತಿತು. ಮೇಲೆ ಹೋಗಿ, ಇನ್ನೇನು ಅಂದುಕೊಂಡ ಹಾಗೆಯೇ, ನಿಂತುಬಿಟ್ಟಿತು.

ಎದೆ ಶುರುವಾಯಿತು. ಸೈಕಾಲಜಿಸ್ಟ್ ಹೇಳಿಕೊಟ್ಟ ಹಾಗೆ ಉಸಿರನ್ನು ನಿಧಾನಕ್ಕೆ, ಉದ್ದಕ್ಕೆ ಹೊರಗೆ ಬಿಡತೊಡಗಿದೆ. ಎದುರಿನ ಸೀಟಿನ ಕಂಬಿ ಹಿಡಿದ ನನ್ನ ಕೈ ಬಿಳಿಚಿಕೊಂಡಿತ್ತು. ಅಮ್ಮ ನನ್ನ ಮುಖ ನೋಡಲಿಲ್ಲ. ಬಲಗಡೆ ಕಿಟಕಿಯಿಂದ ಹೆಬ್ಬಾಳ ಕೆರೆ ಕಡೆ ನೋಡುತ್ತಾ, ‘ಅದೇನೇ ಅಷ್ಟು ದೊಡ್ಡ ಕೊಕ್ಕಿನ ಹಕ್ಕಿ’ ಅಂದರು.

‘ಹೆಜ್ಜಾರ್ಲೆ ಅಮ್ಮ.’

‘ಕೂತೇ ಇದಾವಲ್ಲ, ಹಾರೋದೇ ಇಲ್ವಾ?’

‘ಹಾರ್ತಾವೆ. ನಿಧಾನಕ್ಕೆ.’

ಹಿಂದಿನಿಂದ ಯಾವುದೋ ಲಾರಿ ಹಾರ್ನ್ ಹೊಡೆಯುತ್ತಿತ್ತು. ಅಮ್ಮ ಆಪರೇಷನ್ ಆದ ಕಾಲನ್ನ ಸ್ವಲ್ಪ ಮುಂದಕ್ಕೆ ಚಾಚಿ, ಮಂಡಿ ಒತ್ತಿಕೊಂಡು ಕೇಳಿದರು.

‘ಹತ್ತಕ್ಕೆ ಎಷ್ಟು?’

‘ಏಳು.’

‘ನಂದು ನಾಲ್ಕು.’ ಕಬ್ಬಿನ ತುಂಡನ್ನ ನನ್ನ ಕೈಗೆ ಕೊಟ್ಟರು. ‘ಇದನ್ನ ಹಿಡ್ಕೋ, ಕಾಲಿಗೆ ತಾಕ್ತಾ ಇದೆ.’

ಹಿಡಿದುಕೊಂಡೆ. ಆರಕ್ಕೆ ಬಂದಾಗ ಬಸ್ಸು ಅಲುಗಾಡಿತು. ಐದು ಅನ್ನೋ ಹೊತ್ತಿಗೆ ಇಳಿಜಾರು ಸಿಕ್ಕಿತ್ತು, ಕಂಡಕ್ಟರ್ ಬಾಗಿಲ ಹತ್ತಿರ ನಿಂತು ಕೂಗುತ್ತಿದ್ದರು, ‘ವೆಟರ್ನರಿ ಕಾಲೇಜ್ ಯಾರ್ರೀ ಇಳಿಯೋರು, ಮುಂದೆ ಬನ್ನಿ.’